ಎಲೆಕೋಸಿನ ಕಪ್ಪು ಅಂಚು

ನಮ್ಮವರು ಓವನ್ ರಿಪೇರಿ ಮಾಡುವವರು. ಮೂವತ್ತು ವರ್ಷದಿಂದ ರೆಸ್ಟೋರೆಂಟುಗಳ ಹಿಂಬಾಗಿಲಿನಿಂದ ಒಳಗೆ ಹೋಗಿ, ಕಬ್ಬಿಣದ ಹೊಟ್ಟೆಯೊಳಗೆ ತಲೆ ತೂರಿಸಿ, ಮೂಗಿಗೆ ಮಸಿ ಮೆತ್ತಿಕೊಂಡು ಹೊರಗೆ ಬರುವುದೇ ಅವರ ಕೆಲಸ. ಮಂಗಳವಾರ ಸಂಜೆ ಮನೆಗೆ ಬಂದವರು ಸ್ಪಾನರಿನ ಚೀಲವನ್ನು ಬಾಗಿಲ ಪಕ್ಕ ಕುಕ್ಕಿ, ಬೂಟು ಕೂಡ ಬಿಚ್ಚದೆ ಕುರ್ಚಿಯಲ್ಲಿ ಕೂತು ನಗತೊಡಗಿದರು. ಏನಾಯಿತು ಅಂತ ಕೇಳಿದರೆ ಹೇಳಲಿಕ್ಕೂ ಆಗದಷ್ಟು ನಗು. ನಾನು ಆಫೀಸಿನ ಕ್ಯಾಂಟೀನಿನಲ್ಲಿ ಮುನ್ನೂರು ಜನಕ್ಕೆ ಬೇಯಿಸಿ ಹಾಕಿ ಬಂದು ಆಗಷ್ಟೇ ಕಾಲು ಚಾಚಿದ್ದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದರಲ್ಲೂ ಸಂಜೆ ಹೊತ್ತು. ನಗುವುದಾದರೆ ಹೊರಗೆ ಹೋಗಿ ನಕ್ಕು ಮುಗಿಸಿ ಬನ್ನಿ ಅಂದೆ.

“ಇಷ್ಟು ವರ್ಷ ಎಲ್ರೂ ಸರಿ ಮಾಡಿಕೊಡಿ ಅಂತ ಕರೀತಿದ್ರು. ಇವತ್ತು ಮೊದಲನೇ ಸಲ ಒಬ್ಬ ಕೆಡಿಸಿಕೊಡಿ ಅಂತ ಕೇಳ್ದ ಕಣೇ,” ಅಂದರು.

ಹಾಗೆ ಕೇಳಿದವನು ಜುಟ್ಟು. ಹೆಸರು ಬೇರೆ ಇದೆ, ಆದರೆ ತಲೆಯ ಮೇಲೆ ಕೂದಲನ್ನು ಈರುಳ್ಳಿಯಷ್ಟು ಗಂಟು ಕಟ್ಟಿಕೊಂಡು ಅಡುಗೆಮನೆಯಲ್ಲಿ ಓಡಾಡುವವನನ್ನು ಇನ್ನೇನೆಂದು ಕರೆಯುವುದು? ಮೂವತ್ತೈದು ದಾಟಿದೆ, ಸ್ವಂತ ರೆಸ್ಟೋರೆಂಟ್ ಇದೆ, ಕೈಯಲ್ಲಿ ಕೆಲಸವೂ ಇದೆ. ಅವನ ತಂದೆ ಸೊಪ್ಪು ಮಾರುತ್ತಿದ್ದವರು, ನನಗೆ ಆಗಿನಿಂದ ಪರಿಚಯ. ಕಂಡಲ್ಲಿ ಅಕ್ಕಾ ಅಂತ ಕರೆಯುತ್ತಾನೆ.

ಎರಡು ವರ್ಷದಿಂದ ನಮ್ಮ ಊರಿನ ರೆಸ್ಟೋರೆಂಟುಗಳಿಗೆ ಒಂದು ಹುಚ್ಚು ಹಿಡಿದಿದೆ. ಯಾರಾದರೂ ಹೆಸರಾಂತ ಬಾಣಸಿಗರು ತೀರಿಕೊಂಡರೆ, ಇಲ್ಲವೇ ಬಾಗಿಲು ಹಾಕಿಕೊಂಡು ಮನೆಯಲ್ಲಿ ಕೂತರೆ, ಅವರ ಹಳೆಯ ಮೆನು ಕಾರ್ಡನ್ನು ಹುಡುಕಿ ತಂದು, ಅದೇ ಅಕ್ಷರದಲ್ಲಿ ಮತ್ತೆ ಅಚ್ಚು ಹಾಕಿಸಿ, ಅದೇ ತಿನಿಸುಗಳನ್ನು ಅದೇ ಸರದಿಯಲ್ಲಿ ಮಾಡಿ ಬಡಿಸುವುದು. ಗೌರವದೂಟ ಅಂತ ಅದಕ್ಕೆ ಹೆಸರು. ಜನ ತಿಂಗಳ ಮೊದಲೇ ಜಾಗ ಕಾದಿರಿಸುತ್ತಾರೆ. ನನಗೆ ಇದನ್ನು ಕಂಡರೆ ಅಷ್ಟಕ್ಕಷ್ಟೇ. ಆ ಮಹಾನುಭಾವರು ಬದುಕಿ ಬೇಯಿಸುತ್ತಿದ್ದಾಗ ಉಪ್ಪು ಜಾಸ್ತಿ, ಖಾರ ಕಮ್ಮಿ ಅಂತ ತಟ್ಟೆ ವಾಪಸು ಕಳಿಸಿದ ಮಂದಿಯೇ ಈಗ ಅವರ ಉಪ್ಪನ್ನು ತಕ್ಕಡಿಯಲ್ಲಿ ತೂಗಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಆದರೆ ಈ ಸಲ ಜುಟ್ಟು ಮಾಡಹೊರಟಿದ್ದದ್ದು ಮೇಷ್ಟ್ರ ಮೆನು. ಮೇಷ್ಟ್ರ ವಿಷಯ ಬಂದರೆ ನನ್ನ ಬಾಯಿ ಕಟ್ಟಿಹೋಗುತ್ತದೆ.

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಅಡುಗೆಮನೆಯ ಕರಿಹಲಗೆಯ ಮೇಲೆ ಆರ್ಡರು ಬರೆಯಲು ಸದಾ ಬೆರಳುಗಳ ನಡುವೆ ಸೀಮೆಸುಣ್ಣ ಇರುತ್ತಿದ್ದುದರಿಂದ ಆ ಹೆಸರು. ನಲವತ್ತು ಜನ ಕೂರಬಹುದಾದ ಅವರ ರೆಸ್ಟೋರೆಂಟಿನಲ್ಲಿ ನಾನು ಹತ್ತೊಂಬತ್ತು ವರ್ಷ ಓವನ್ ನೋಡಿಕೊಂಡೆ. ಬರುವಾಗ ನನಗೆ ಇಪ್ಪತ್ತೆರಡು ವಯಸ್ಸು, ಅಪ್ಪ ಇರಲಿಲ್ಲ, ಕೆಲಸವೂ ಗೊತ್ತಿರಲಿಲ್ಲ. ಕೆಲಸ ಕಲಿಸಿದವರು ಮೇಷ್ಟ್ರು. ಮದುವೆಯ ರಿಜಿಸ್ಟರಿನಲ್ಲಿ ಅಪ್ಪನ ಜಾಗದಲ್ಲಿ ನಿಂತು ಸಹಿ ಹಾಕಿದವರೂ ಅವರೇ. ಎಂಟು ವರ್ಷದ ಹಿಂದೆ ಮಂಡಿ ಕೈಕೊಟ್ಟು ಅವರು ರೆಸ್ಟೋರೆಂಟ್ ಮುಚ್ಚಿದಾಗ ನಾನು ಅತ್ತಷ್ಟು ಅವರ ಸ್ವಂತ ಮಗಳು ಅತ್ತಿರಲಿಕ್ಕಿಲ್ಲ. ಈಗಲೂ ವಾರಕ್ಕೊಮ್ಮೆ ಅವರ ಮಗಳ ಮನೆಗೆ ಬ್ರೆಡ್ ತಗೊಂಡು ಹೋಗಿ ಅವರ ಎದುರು ಕೂತು ಬೈಸಿಕೊಂಡು ಬರುತ್ತೇನೆ. ಬ್ರೆಡ್ಡಿನ ಮೇಲ್ಮೈ ಇನ್ನೂ ಒಂದು ನಿಮಿಷ ಬೇಯಬೇಕಿತ್ತು ಅನ್ನುತ್ತಾರೆ. ಹೌದು, ಬೇಯಬೇಕಿರುತ್ತದೆ.

ಮೇಷ್ಟ್ರಿಗೆ ಹೆಸರು ತಂದದ್ದು ಒಂದು ಎಲೆಕೋಸು. ಎಲೆಕೋಸನ್ನು ನಾಲ್ಕು ಭಾಗ ಮಾಡಿ, ಬೆಣ್ಣೆ ಸವರಿ, ಉದ್ದನೆಯ ಟ್ರೇಯಲ್ಲಿ ಒಂದೇ ಸಾಲಾಗಿ ಇಟ್ಟು ಓವನ್ನಿನಲ್ಲಿ ನಲವತ್ತು ನಿಮಿಷ ಬೇಯಿಸಿ, ಸಾಸಿವೆ ಬೆರೆಸಿದ ಹುಳಿ ಕೆನೆಯ ಮೇಲೆ ಕೂರಿಸಿ ಕೊಡುವುದು. ಅದರ ಒಂದು ಅಂಚು ಮಾತ್ರ ಇದ್ದಿಲಿನ ಹಾಗೆ ಕಪ್ಪಗಿರುತ್ತಿತ್ತು, ಉಳಿದದ್ದೆಲ್ಲ ಹೊಂಬಣ್ಣ. ಆ ಕಪ್ಪು ಅಂಚಿಗಾಗಿ ಜನ ಬೇರೆ ಊರುಗಳಿಂದ ರೈಲು ಹತ್ತಿ ಬರುತ್ತಿದ್ದರು. ಎಷ್ಟೋ ಜನ ಅದನ್ನು ತಮ್ಮ ಅಡುಗೆಮನೆಗಳಲ್ಲಿ ಮಾಡಲು ಹೋಗಿ ಸೋತರು. ಮೇಷ್ಟ್ರು ಕೇಳಿದವರಿಗೆಲ್ಲ ಪಾಕವಿಧಾನವನ್ನು ಎಳ್ಳಷ್ಟೂ ಮುಚ್ಚಿಡದೆ ಹೇಳುತ್ತಿದ್ದರು. ಇಪ್ಪತ್ತನೇ ನಿಮಿಷಕ್ಕೆ ಟ್ರೇಯನ್ನು ಹಿಂದುಮುಂದು ತಿರುಗಿಸಬೇಕು, ಅಷ್ಟೇ, ಮಿಕ್ಕದ್ದು ಆ ಓವನ್ನಿನ ಗುಣ ಅನ್ನುತ್ತಿದ್ದರು.

ಜುಟ್ಟು ಆ ಓವನ್ನನ್ನೇ ಹುಡುಕಿ ತಂದಿದ್ದ. ಎಂಟು ವರ್ಷ ಯಾವುದೋ ಗೋದಾಮಿನಲ್ಲಿ ಬಿದ್ದಿದ್ದ ಆ ಆನೆಗಾತ್ರದ ಕಬ್ಬಿಣವನ್ನು ಆರು ಜನರಿಂದ ಹೊರಿಸಿ, ಗೋಡೆ ಒಡೆಸಿ ಒಳಗೆ ತರಿಸಿ, ಮೇಷ್ಟ್ರು ಬಾಯಿಬಿಟ್ಟು ಹೇಳಿ ಬರೆಸಿದ್ದನ್ನು ಅಕ್ಷರ ತಪ್ಪದೆ ಪಾಲಿಸಿ ಎಲೆಕೋಸು ಬೇಯಿಸಿದ. ಇಪ್ಪತ್ತನೇ ನಿಮಿಷಕ್ಕೆ ತಿರುಗಿಸಿದ. ಹೊರಗೆ ತೆಗೆದರೆ ನಾಲ್ಕೂ ಕಡೆ ಒಂದೇ ಸಮ ಹೊಂಬಣ್ಣ! ಕಪ್ಪು ಅನ್ನುವುದು ಹುಡುಕಿದರೂ ಇಲ್ಲ. ಒಂಬತ್ತು ಸಲ ಮಾಡಿದ. ಗ್ಯಾಸ್ ಟಾರ್ಚಿನಿಂದ ಸುಟ್ಟೂ ನೋಡಿದ, ಬಣ್ಣ ಬಂತು, ರುಚಿ ಬರಲಿಲ್ಲ. ಸಾಗಿಸುವಾಗ ಓವನ್ನಿನ ಹಳೆಯ ದೋಷ ಹೇಗೋ ಸರಿಹೋಗಿಬಿಟ್ಟಿದೆ ಅಂತ ತೀರ್ಮಾನಿಸಿ, ಆ ದೋಷವನ್ನು ಬಲ್ಲ ಒಬ್ಬನೇ ಮೆಕ್ಯಾನಿಕ್ಕನ್ನು, ಅಂದರೆ ನಮ್ಮವರನ್ನು ಕರೆಸಿ, ಅದನ್ನು ವಾಪಸು ಹಾಕಿಕೊಡಿ ಅಂತ ಅಂಗಲಾಚಿದ್ದ.

“ಮತ್ತೆ ನೀವೇನಂದ್ರಿ?” ಅಂತ ಕೇಳಿದೆ.

“ನೋಡೋಣ ಅಂದೆ,” ಅಂದರು ನಮ್ಮವರು. ಆಮೇಲೆ ನಗು ನಿಲ್ಲಿಸಿ ಬೂಟು ಬಿಚ್ಚತೊಡಗಿದರು. “ಗುರುವಾರ ಮೇಷ್ಟ್ರು ರುಚಿ ನೋಡಕ್ಕೆ ಬರ್ತಾರಂತೆ. ಅವರು ಸರಿ ಅಂದ್ರೆ ಮಾತ್ರ ಭಾನುವಾರದ ಗೌರವದೂಟ. ಇಲ್ಲಾಂದ್ರೆ ಎಲ್ಲ ರದ್ದಂತೆ. ಇನ್ನು ನೀನುಂಟು, ನಿನ್ನ ಮೇಷ್ಟ್ರುಂಟು.”

ಆ ಓವನ್ನಿಗೆ ಯಾವ ದೋಷವೂ ಇರಲಿಲ್ಲ. ಯಾವತ್ತೂ ಇರಲಿಲ್ಲ. ಈ ಸಂಗತಿ ಈ ಪ್ರಪಂಚದಲ್ಲಿ ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ, ಆ ಇಬ್ಬರೂ ಒಂದೇ ಮನೆಯಲ್ಲಿದ್ದೇವೆ.

ಇಪ್ಪತ್ತಮೂರು ವರ್ಷದ ಹಿಂದಿನ ಮಾತು. ಎಲೆಕೋಸು ಆಗಿನ್ನೂ ಹೊಸ ತಿನಿಸು. ಒಂದು ದಿನ ಮಧ್ಯಾಹ್ನ ಮೊದಲ ಸಲ ಕಾರ್ಡಿಗೆ ಹತ್ತಿತ್ತು. ಪತ್ರಿಕೆಯಲ್ಲಿ ಊಟದ ಬಗ್ಗೆ ಬರೆಯುವ ಮಹಾಶಯರೊಬ್ಬರು ಅದೇ ಹೊತ್ತಿಗೆ ಹೇಳದೆ ಕೇಳದೆ ಬಂದು ಕಿಟಕಿ ಪಕ್ಕದ ಮೇಜಿನಲ್ಲಿ ಕೂತಿದ್ದರು. ಟ್ರೇ ಓವನ್ನಿನಲ್ಲಿತ್ತು. ಯಾವ ಓವನ್ನಿನಲ್ಲಾದರೂ ಹಿಂಭಾಗಕ್ಕೆ ಕಾವು ಜಾಸ್ತಿ, ಅದಕ್ಕೇ ಅರ್ಧ ಹೊತ್ತಿಗೆ ತಿರುಗಿಸುವುದು. ತಿರುಗಿಸುವುದು ನನ್ನ ಕೆಲಸ. ನಾನು ಆ ಹೊತ್ತಿಗೆ ಹಿಂಬಾಗಿಲಲ್ಲಿದ್ದೆ. ಓವನ್ ಮೆಕ್ಯಾನಿಕ್ಕು ತನ್ನ ಸ್ಪಾನರನ್ನು ಮರೆತುಹೋಗಿದ್ದನಂತೆ, ತಗೊಂಡು ಹೋಗಲು ಬಂದಿದ್ದ. ಆ ವಾರದಲ್ಲಿ ಅವನು ಸ್ಪಾನರ್ ಮರೆತದ್ದು ಅದು ಮೂರನೇ ಸಲ. ನೋಡಲು ಲಕ್ಷಣವಾಗಿದ್ದ, ಮಾತೂ ಚೆನ್ನಾಗಿ ಆಡುತ್ತಿದ್ದ. ಇಪ್ಪತ್ತು ನಿಮಿಷ ಹೇಗೆ ಹೋಯಿತೋ ನನಗೆ ಗೊತ್ತಾಗಲಿಲ್ಲ.

ಟ್ರೇ ಹೊರಗೆ ಬಂದಾಗ ಹಿಂದಿನ ಅಂಚು ಪೂರ್ತಿ ಸುಟ್ಟಿತ್ತು. ಮೇಷ್ಟ್ರು ಓಡಿ ಬಂದರು. ತಿರುಗಿಸಿದೆಯಾ ಅಂತ ಕೇಳಿದರು. ತಿರುಗಿಸಿದ್ದೆ ಮೇಷ್ಟ್ರೇ, ಓವನ್ನೇ ಸರಿಯಿಲ್ಲ ಅಂದುಬಿಟ್ಟೆ. ಯಾಕೆ ಹಾಗಂದೆನೋ, ಇವತ್ತಿಗೂ ಹೇಳಲಾರೆ. ಕೆಲಸ ಹೋಗುವ ಭಯ ಇತ್ತು, ಬಾಗಿಲಲ್ಲಿ ಅವನು ನಿಂತಿದ್ದಾನೆಂಬ ನಾಚಿಕೆ ಅದಕ್ಕಿಂತ ಜಾಸ್ತಿ ಇತ್ತು. ಮೇಷ್ಟ್ರು ಮೆಕ್ಯಾನಿಕ್ಕಿನ ಕಡೆ ತಿರುಗಿ ಹೌದೇನಯ್ಯ ಅಂದರು. ಅವನು ನನ್ನ ಮುಖ ನೋಡಿದ. ಹೌದು, ಹಿಂದುಗಡೆ ಕಾವು ಸ್ವಲ್ಪ ಜಾಸ್ತಿ ಬೀಳ್ತಿದೆ, ಸರಿ ಮಾಡ್ತೀನಿ ಅಂದ. ಎರಡು ದಿನದ ಹಿಂದಷ್ಟೇ ತಾನೇ ಬಿಚ್ಚಿ ಜೋಡಿಸಿ, ತನ್ನ ಕೈಯಾರೆ ಒರೆಸಿ ಇಟ್ಟ ಓವನ್ ಅದು. ನಮ್ಮಿಬ್ಬರ ನಂಟು ನಿಜಕ್ಕೂ ಶುರುವಾದದ್ದು ಆ ಕ್ಷಣದಲ್ಲಿ ಅಂತ ನಾನು ಹೇಳುತ್ತೇನೆ. ನಮ್ಮವರು ಸ್ಪಾನರಿನಲ್ಲಿ ಅಂತಾರೆ.

ಇನ್ನೊಂದು ಟ್ರೇ ಬೇಯಿಸಲು ಹೊತ್ತಿರಲಿಲ್ಲ. ಮೇಷ್ಟ್ರು ಸುಟ್ಟ ಅಂಚನ್ನೇ ಮೇಲೆ ಮಾಡಿ, ಬೇಕೆಂದೇ ಹಾಗೆ ಮಾಡಿದವರಂತೆ ತಟ್ಟೆಯ ಅಂಚು ಒರೆಸಿ ಕಳಿಸಿದರು. ಮುಂದಿನ ವಾರ ಪತ್ರಿಕೆಯಲ್ಲಿ ಅರ್ಧ ಪುಟ ಬಂತು. ಆ ಕಪ್ಪು ಅಂಚಿನಲ್ಲಿ ಹೊಗೆಯೂ ಕಹಿಯೂ ಸಿಹಿಯೂ ಒಟ್ಟಿಗೆ ಇದ್ದುವಂತೆ. ಆವತ್ತೇ ಮೇಷ್ಟ್ರು ಮೆಕ್ಯಾನಿಕ್ಕನ್ನು ಕರೆಸಿ, ಇನ್ನು ಮುಂದೆ ಆ ಓವನ್ನಿನ ಒಂದು ಬೋಲ್ಟು ಮುಟ್ಟಿದರೂ ಜೋಕೆ ಅಂದರು.

ಅಲ್ಲಿಂದ ಹದಿನೈದು ವರ್ಷ ನಾನು ದಿನಾ ನಾಟಕ ಆಡಿದೆ. ಮೇಷ್ಟ್ರು ತಟ್ಟೆಗಳು ಹೊರಡುವ ಕಟ್ಟೆಯ ಹತ್ತಿರ, ಓವನ್ನಿಗೆ ಬೆನ್ನು ಹಾಕಿ ನಿಂತಿರುತ್ತಿದ್ದರು. ಇಪ್ಪತ್ತನೇ ನಿಮಿಷಕ್ಕೆ ಅಲ್ಲಿಂದಲೇ ತಿರುಗಿಸು ಅಂತ ಕೂಗುತ್ತಿದ್ದರು. ನಾನು ಓವನ್ನಿನ ಬಾಗಿಲು ತೆಗೆದು, ಇಕ್ಕಳದಿಂದ ಟ್ರೇಯನ್ನು ಒಂದೆರಡು ಸಲ ಗಲಗಲ ಅಲ್ಲಾಡಿಸಿ, ಬಾಗಿಲನ್ನು ದಬಾರನೆ ಮುಚ್ಚಿ, ಆಯ್ತು ಮೇಷ್ಟ್ರೇ ಅನ್ನುತ್ತಿದ್ದೆ. ಅದೇ ಓವನ್ನಿನಲ್ಲಿ ಬೇಯುವ ಬ್ರೆಡ್ಡು, ಕೋಳಿ, ಮೀನು ಯಾವುದೂ ಕಪ್ಪಾಗುವುದಿಲ್ಲವಲ್ಲ ಅಂತ ಯಾರೂ ಕೇಳಲಿಲ್ಲ, ಎಲೆಕೋಸಿನ ಸ್ವಭಾವವೇ ಹಾಗೆ ಅಂದುಕೊಂಡರು. ಮಗಳು ಹುಟ್ಟುವ ಹೊತ್ತಿಗೆ ನನಗೆ ಮೂರು ತಿಂಗಳು ರಜೆ ಬೇಕಾಯಿತು. ಇದು ಒಳ್ಳೆ ಎಲೆಕೋಸು ಸಿಗುವ ಕಾಲವಲ್ಲ ಅಂತ ಮೇಷ್ಟ್ರ ತಲೆ ತಿಂದು, ಆ ಮೂರು ತಿಂಗಳು ಅದನ್ನು ಕಾರ್ಡಿನಿಂದಲೇ ತೆಗೆಸಿದ್ದೆ. ಬೇರೆ ಕಡೆಯಿಂದ ಎರಡು ಸಲ ಒಳ್ಳೊಳ್ಳೆ ಕೆಲಸಕ್ಕೆ ಕರೆ ಬಂತು, ಹೋಗಲಿಲ್ಲ. ನಾನು ಹೋದರೆ ಎಲೆಕೋಸಿನ ಗತಿ?

ಹೇಳಿಬಿಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ಮೊದಲ ವರ್ಷ ಹೆದರಿಕೆಯಿಂದ ಹೇಳಲಿಲ್ಲ. ಆಮೇಲೆ ಬೇರೊಂದು ತೊಡಕಾಯಿತು. ಆ ಒಂದು ಸುಳ್ಳು ಒಳಗೆ ಚುಚ್ಚುತ್ತಿದ್ದುದರಿಂದ ನಾನು ಉಳಿದ ಎಲ್ಲ ತಪ್ಪನ್ನೂ ಕೇಳುವ ಮೊದಲೇ ಒಪ್ಪಿಕೊಳ್ಳುತ್ತಿದ್ದೆ. ತಟ್ಟೆ ಒಡೆದರೆ ನಾನು, ಉಪ್ಪು ಎರಡು ಸಲ ಬಿದ್ದರೆ ನಾನು. ನೋಡಿ ನೋಡಿ ಮೇಷ್ಟ್ರಿಗೆ ನನ್ನ ಮೇಲೆ ಎಷ್ಟು ನಂಬಿಕೆ ಬಂತೆಂದರೆ, ಬಂದವರಿಗೆಲ್ಲ ನನ್ನನ್ನು ತೋರಿಸಿ, ನನ್ನ ಅಡುಗೆಮನೆಯಲ್ಲಿ ಸುಳ್ಳು ಹೇಳದವಳು ಇವಳೊಬ್ಬಳೇ ಅನ್ನುತ್ತಿದ್ದರು. ಅದನ್ನು ಕೇಳಿದ ಮೇಲೆ ಬಾಯಿ ಬಿಡುವುದು ಹೇಗೆ? ನನಗೆ ಅಪ್ಪ ಅಂತ ಉಳಿದಿದ್ದವರು ಅವರು. ಅವರ ಕಣ್ಣಲ್ಲಿ ನಾನು ಚಿಕ್ಕವಳಾಗುವುದನ್ನು ನೆನೆಸಿಕೊಳ್ಳಲೂ ಆಗುತ್ತಿರಲಿಲ್ಲ.

ಮಂಗಳವಾರ ರಾತ್ರಿ ಊಟಕ್ಕೆ ಕೂತಾಗ ನಾನೊಂದು ಉಪಾಯ ಹೂಡಿದೆ. ಗುರುವಾರ ಕ್ಯಾಂಟೀನಿಗೆ ರಜೆ ಹಾಕಿ ಜುಟ್ಟಿನ ಅಡುಗೆಮನೆಗೆ ಹೋಗುವುದು, ಹಳೆಯ ಕೈ ಅಲ್ಲವೇ, ನಾನೇ ಬೇಯಿಸುತ್ತೇನೆ ಅನ್ನುವುದು, ಇಪ್ಪತ್ತನೇ ನಿಮಿಷಕ್ಕೆ ಬಾಗಿಲು ದಬಾರನೆ ಮುಚ್ಚುವುದು. ಆಮೇಲೆ ಜುಟ್ಟಿನ ಕಿವಿಯಲ್ಲಿ ತಿರುಗಿಸಬೇಡ ಅಂತ ಒಂದು ಮಾತು ಹೇಳಿ ಕೈತೊಳೆದುಕೊಳ್ಳುವುದು. ನಮ್ಮವರು ಪೂರ್ತಿ ಕೇಳಿದರು.

“ನೀನು ಏನಾದ್ರೂ ಮಾಡ್ಕೋ,” ಅಂದರು ಕೊನೆಗೆ. “ಆದ್ರೆ ನನಗೂ ಒಂದು ಆಸೆ ಇದೆ. ಆ ಓವನ್ ಕೆಟ್ಟಿದೆ ಅಂತ ಊರೆಲ್ಲ ಇಪ್ಪತ್ತಮೂರು ವರ್ಷದಿಂದ ಹೇಳ್ತಾ ಇದೆ. ಅದನ್ನ ನೋಡ್ಕೊಂಡಿದ್ದವನು ನಾನು. ಒಂದು ದಿನವಾದ್ರೂ ಯಾರಾದ್ರೂ, ಅದು ಚೆನ್ನಾಗಿತ್ತು ಅನ್ನಲಿ.”

ಅಷ್ಟು ವರ್ಷದಲ್ಲಿ ಅವರು ಆ ಮಾತನ್ನು ಒಂದು ಸಲವೂ ಎತ್ತಿರಲಿಲ್ಲ. ಅವರು ಕೇಳದೆಯೇ ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ. ಆದರೂ ಉಪಾಯ ಬಿಡಲಿಲ್ಲ.

ಗುರುವಾರ ಹತ್ತು ಗಂಟೆಗೆ ಹೋದೆ. ಜುಟ್ಟಿನ ಅಡುಗೆಮನೆ ಆಸ್ಪತ್ರೆಯ ಹಾಗೆ ಬೆಳ್ಳಗಿತ್ತು, ನಡುವೆ ನಮ್ಮ ಹಳೆಯ ಓವನ್ ಕಪ್ಪಗೆ ಕೂತಿತ್ತು. ಬಾಗಿಲ ಹಿಡಿಯಲ್ಲಿ ನನ್ನ ಬೆರಳು ಸವೆಸಿದ ಜಾಗ ಹಾಗೇ ಇತ್ತು. ನಾನು ಬೇಯಿಸುತ್ತೇನೆ ಅಂದದ್ದಕ್ಕೆ ಜುಟ್ಟಿಗೆ ಹೋದ ಜೀವ ಬಂದಂತಾಯಿತು. ಪಾಪ, ಮೂರು ದಿನದಿಂದ ನಿದ್ದೆ ಮಾಡಿರಲಿಲ್ಲ. ಒಂದು ಸಲ ತಿರುಗಿಸದೆ ಬೇಯಿಸಿ ನೋಡಬೇಕು ಅಂತ ಹೊಳೆಯಲೇ ಇಲ್ಲವೇನೋ ಅಂತ ಕೇಳಬೇಕೆನಿಸಿತು, ನಾಲಿಗೆ ಕಚ್ಚಿಕೊಂಡೆ. ಅವನ ಮಟ್ಟಿಗೆ ಮೇಷ್ಟ್ರು ಬರೆಸಿದ್ದು ಅಂದರೆ ಮುಗಿಯಿತು, ಕಲ್ಲಿನ ಮೇಲೆ ಕೊರೆದ ಹಾಗೆ.

ಹನ್ನೊಂದಕ್ಕೆ ಮೇಷ್ಟ್ರು ಬಂದರು. ನಮ್ಮವರೇ ಹೋಗಿ ಕರೆತಂದಿದ್ದರು. ಕೋಲೂರಿಕೊಂಡು, ಒಂದೊಂದೇ ಹೆಜ್ಜೆ ಇಟ್ಟುಕೊಂಡು ಒಳಗೆ ಬಂದರು. ಊಟದ ಹಾಲಿನಲ್ಲಿ ಅವರಿಗಾಗಿ ಮೇಜು ಹಾಸಿ ಇಟ್ಟಿತ್ತು. ಅಲ್ಲಿ ಕೂರುವುದಿಲ್ಲ, ಅಡುಗೆಮನೆಯಲ್ಲಿ ಕೂರುತ್ತೇನೆ ಅಂದರು. ಜುಟ್ಟು ಎತ್ತರದ ಸ್ಟೂಲೊಂದನ್ನು ತಂದು, ಅವರ ಮಂಡಿಗೆ ಬೆಚ್ಚಗಿರಲಿ ಅಂತ, ಓವನ್ನಿನ ಎದುರಿಗೇ ಇಟ್ಟ. ಮೇಷ್ಟ್ರು ಕೋಲನ್ನು ಗೋಡೆಗೆ ಒರಗಿಸಿ, ಎರಡೂ ಅಂಗೈಗಳನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಕೈಗಳನ್ನೇ ನೋಡುತ್ತ ಕೂತರು.

“ಇಷ್ಟು ವರ್ಷ ಇವಳಿಗೆ ಬೆನ್ನು ಹಾಕೇ ನಿಂತಿದ್ದೆ. ಇವತ್ತು ಕಣ್ತುಂಬ ನೋಡ್ತೀನಿ,” ಅಂದರು.

ನನಗೆ ಬೆವರಿಳಿಯಿತು. ಓವನ್ನಿನ ಕಾವಿಗೆ ಅಂತ ಎಲ್ಲರೂ ಅಂದುಕೊಂಡಿರಬೇಕು.

ಟ್ರೇ ಒಳಗೆ ಹೋಯಿತು. ಜುಟ್ಟು ಗಡಿಯಾರ ನೋಡುತ್ತ ನಿಂತ. ನಮ್ಮವರು ಬಾಗಿಲಲ್ಲಿ, ಮೊದಲು ನಿಲ್ಲುತ್ತಿದ್ದ ಹಾಗೆಯೇ ಚೌಕಟ್ಟಿಗೆ ಭುಜ ಕೊಟ್ಟು ನಿಂತರು. ಮೇಷ್ಟ್ರು ಏನೇನೋ ಹಳೆಯ ಮಾತು ತೆಗೆದರು. ಒಮ್ಮೆ ಪೂರ್ತಿ ಸೂಪಿನ ಪಾತ್ರೆ ಮಗುಚಿದಾಗ ಉಳಿದವರೆಲ್ಲ ಮಂಗಮಾಯವಾಗಿದ್ದರಂತೆ, ನಾನೊಬ್ಬಳೇ ನಿಂತು ನನ್ನ ಮೊಣಕೈ ತಗಲಿತು ಅಂದಿದ್ದೆನಂತೆ. ಜುಟ್ಟಿಗೆ ಅದನ್ನೆಲ್ಲ ಹೇಳಿ, ಇಂಥವಳು ಸಿಗಬೇಕಯ್ಯ ನಿನಗೂ ಅಂದರು. ನಾನು ಮಸಿಬಟ್ಟೆಯನ್ನು ಕೈಯಲ್ಲಿ ಮಡಿಸಿ ಬಿಚ್ಚಿ, ಮಡಿಸಿ ಬಿಚ್ಚಿ ಮಾಡುತ್ತಿದ್ದೆ.

ಇಪ್ಪತ್ತು ನಿಮಿಷವಾಯಿತು.

“ಟೈಮಾಯ್ತು. ತಿರುಗಿಸಮ್ಮ,” ಅಂದರು ಮೇಷ್ಟ್ರು.

ಬಾಗಿಲು ತೆಗೆದೆ. ಕಾವು ಮುಖಕ್ಕೆ ಬಡಿಯಿತು. ತಿರುಗಿಸಿದರೆ ಹೊಂಬಣ್ಣ ಬರುತ್ತದೆ, ಭಾನುವಾರದ ಊಟ ರದ್ದಾಗುತ್ತದೆ, ಓವನ್ ಸತ್ತಿತು ಅಂತ ಮೇಷ್ಟ್ರು ಕೊರಗುತ್ತಾರೆ. ತಿರುಗಿಸದಿದ್ದರೆ ಅವರ ಕಣ್ಣೆದುರೇ ನನ್ನ ನಾಟಕ ಬಯಲಾಗುತ್ತದೆ. ಬಾಗಿಲು ಮುಚ್ಚಿದೆ, ಈ ಸಲ ಮೆಲ್ಲಗೆ.

“ಇದನ್ನ ತಿರುಗಿಸಬಾರದು ಮೇಷ್ಟ್ರೇ,” ಅಂದೆ. “ಅವತ್ತು ನಾನು ತಿರುಗಿಸಿರಲಿಲ್ಲ.”

“ಯಾವತ್ತು?”

“ಪತ್ರಿಕೆಯವರು ಬಂದಿದ್ದ ದಿನ. ಹಿಂಬಾಗಿಲಲ್ಲಿ ಮಾತಾಡ್ತಾ ಮರ್ತುಬಿಟ್ಟೆ. ಓವನ್ ಕೆಟ್ಟಿದೆ ಅಂತ ನಿಮಗೆ ಸುಳ್ಳು ಹೇಳಿದೆ. ಆಮೇಲೆ ಯಾವತ್ತೂ ತಿರುಗಿಸಲಿಲ್ಲ. ಬಾಗಿಲು ತೆಗೆದು ಸದ್ದು ಮಾಡಿ ಮುಚ್ತಿದ್ದೆ.”

ಜುಟ್ಟಿನ ಬಾಯಿ ತೆರೆದದ್ದು ತೆರೆದೇ ಇತ್ತು. ಮೇಷ್ಟ್ರು ನನ್ನನ್ನು ನೋಡಲಿಲ್ಲ, ತಲೆ ಹೊರಳಿಸಿ ಬಾಗಿಲ ಕಡೆ ನೋಡಿದರು. ನೀನೂನಾ ಅಂದರು, ಅಷ್ಟೇ. ನಮ್ಮವರು ಒಳಗೆ ಬಂದು, ಓವನ್ನಿಗೆ ಯಾವತ್ತೂ ಒಂದು ನೆಗಡಿಯೂ ಆಗಿರಲಿಲ್ಲ ಮೇಷ್ಟ್ರೇ ಅಂದರು. ಹೇಳುವಾಗ ಅವರ ಮುಖದಲ್ಲಿ ತಪ್ಪಿತಸ್ಥನ ಕಳೆಯೇ ಇರಲಿಲ್ಲ. ನಾನು ಮಸಿಬಟ್ಟೆ ಹಿಂಡುತ್ತ ನಿಂತಿದ್ದರೆ ಇವರು ಹಬೆ ಬಿಟ್ಟ ಪಾತ್ರೆಯ ಹಾಗೆ ಹಗುರಾಗಿದ್ದರು.

ಮೇಷ್ಟ್ರು ಇನ್ನೊಂದು ಟ್ರೇ ಇಡು ಅಂತ ಜುಟ್ಟಿಗೆ ಕೈಸನ್ನೆ ಮಾಡಿದರು. ಅವನು ಪಕ್ಕದ ಹೊಸ ಓವನ್ನಿನಲ್ಲಿ ಎರಡನೇ ಟ್ರೇ ಇಟ್ಟ. ಮೊದಲಿನದು ಹೊರಗೆ ಬಂತು, ಹಿಂದಿನ ಅಂಚು ಕಪ್ಪು, ಉಳಿದದ್ದು ಹೊಂಬಣ್ಣ, ಇಪ್ಪತ್ತಮೂರು ವರ್ಷದ ಹಿಂದೆ ಇದ್ದ ಹಾಗೆಯೇ. ಜುಟ್ಟಿಗೆ ಕುಣಿಯುವಷ್ಟು ಖುಷಿ, ಆದರೆ ಯಾರ ಮುಖ ನೋಡಿ ಕುಣಿಯುವುದು? ಎರಡನೆಯದನ್ನು ಇಪ್ಪತ್ತನೇ ನಿಮಿಷಕ್ಕೆ ಮೇಷ್ಟ್ರೇ ಎದ್ದು, ನಮ್ಮವರ ಭುಜ ಹಿಡಿದುಕೊಂಡು, ನನ್ನ ಕೈಯಿಂದ ಮಸಿಬಟ್ಟೆ ಕಿತ್ತುಕೊಂಡು, ತಾವೇ ತಿರುಗಿಸಿದರು. ನಾನು ಹಿಡಿಯಲು ಹೋದೆ. ಬೇಡ ಅಂದರು. ಆ ಒಂದು ಬೇಡ ನನ್ನನ್ನು ಎಷ್ಟು ಸುಟ್ಟಿತೆಂದರೆ, ಹೋಗಿ ಪಾತ್ರೆ ತೊಳೆಯುವ ತೊಟ್ಟಿಯ ಹತ್ತಿರ ನಿಂತು ನಲ್ಲಿ ಬಿಟ್ಟುಕೊಂಡು ಅತ್ತೆ.

ಆಮೇಲೆ ಕರೆದರು. ಸ್ಟೂಲಿನ ಪಕ್ಕದ ಕಟ್ಟೆಯ ಮೇಲೆ ಹೊಂಬಣ್ಣದ ಎಲೆಕೋಸು ಇತ್ತು. ಅರ್ಧ ತಿಂದಿದ್ದರು. ಕೂತ್ಕೋ ಅಂದರು. ಕೂರಲು ಇನ್ನೊಂದು ಸ್ಟೂಲು ಇರಲಿಲ್ಲ, ಹಿಟ್ಟಿನ ಡಬ್ಬದ ಮೇಲೆ ಕೂತೆ.

“ದಿನಾ ಬೆಳಗ್ಗೆ ಬಂದು ಆ ಓವನ್ನಿನ ಬಾಗಿಲ ಮೇಲೆ ಅಂಗೈ ಇಡ್ತಿದ್ನಲ್ಲ, ನೋಡಿದ್ಯಾ?” ಅಂತ ಕೇಳಿದರು.

ನೋಡಿದ್ದೆ. ಹಿಂದಿನ ದಿನದ ಬಿಸಿ ಉಳಿದಿದೆಯೇ ಅಂತ ಪರೀಕ್ಷಿಸುತ್ತಾರೆ ಅಂದುಕೊಂಡಿದ್ದೆ.

“ನಮಸ್ಕಾರ ಹಾಕ್ತಿದ್ದೆ,” ಅಂದರು. “ನನಗೆ ಬಂದ ಹೆಸರೆಲ್ಲ ಒಂದು ಕೆಟ್ಟ ಕಬ್ಬಿಣದ ದಯೆ, ನಾನೇನೂ ಮಾಡಿಲ್ಲ ಅಂತ. ಬಹುಮಾನ ಕೊಡಕ್ಕೆ ಸ್ಟೇಜಿಗೆ ಕರೆದಾಗೆಲ್ಲ ನಾಚಿಕೆ ಆಗೋದು. ಮನೇಲೂ ಹೇಳಲಿಲ್ಲ, ನಿನಗೂ ಹೇಳಲಿಲ್ಲ. ಇವತ್ತು ನೋಡಿದ್ರೆ ಅದು ಕಬ್ಬಿಣ ಅಲ್ಲ, ನೀನು. ದಿನಾ ಕಣ್ಣು ತಪ್ಪಿಸಿ, ಒಂದು ದಿನವೂ ತಪ್ಪದೆ.” ಇನ್ನೊಂದು ತುಂಡು ಬಾಯಿಗಿಟ್ಟುಕೊಂಡು, “ಮನುಷ್ಯರು ಮಾಡಿದ್ದು ಅಂದ್ರೆ ಸಮಾಧಾನ ಕಣಮ್ಮ,” ಅಂದರು.

ಬೈಯಿರಿ ಮೇಷ್ಟ್ರೇ ಅಂದೆ. ಬೈದರು. ಸುಳ್ಳು ಹೇಳಿದ್ದಕ್ಕೆ ಬೈದರು, ನಮ್ಮವರನ್ನು ಅದಕ್ಕೆ ಎಳೆದದ್ದಕ್ಕೆ ಬೈದರು, ಮೂರು ತಿಂಗಳು ಎಲೆಕೋಸನ್ನು ಕಾರ್ಡಿನಿಂದ ತೆಗೆಸಿದ್ದು ಕೂಡ ಇದಕ್ಕೇನಾ ಅಂತ ಕೇಳಿ, ಹೌದು ಅಂದಾಗ ಅದಕ್ಕೆ ಎಲ್ಲಕ್ಕಿಂತ ಜೋರಾಗಿ ಬೈದರು. ಎಂಟು ವರ್ಷದಿಂದ ಹಾಗೆ ಹೊಟ್ಟೆ ತುಂಬ ಬೈಸಿಕೊಂಡಿರಲಿಲ್ಲ. ಬೈದು ಮುಗಿಸಿ ಮೂಗು ಒರೆಸಿಕೊಂಡು, ಜುಟ್ಟಿನ ಕಡೆ ತಿರುಗಿ ಬರೆದುಕೋ ಅಂದರು. ತಿರುಗಿಸು ಅನ್ನುವ ಸಾಲನ್ನು ಹೊಡೆದುಹಾಕಿ ತಿರುಗಿಸಬಾರದು ಅಂತ ಬರೆಸಿದರು. ಆ ಓವನ್ನನ್ನು ನೋಡಿಕೊಂಡವನಷ್ಟು ಚೆನ್ನಾಗಿ ಕೆಲಸ ಬಲ್ಲವನು ಈ ಊರಲ್ಲಿಲ್ಲ, ಅದನ್ನೂ ಕಾರ್ಡಿನಲ್ಲಿ ಅಚ್ಚು ಹಾಕಿಸು ಅಂದರು. ನಮ್ಮವರು ತಕ್ಷಣ ಸ್ಪಾನರಿನ ಚೀಲ ತೆರೆದು ಏನೋ ಹುಡುಕತೊಡಗಿದರು. ಆ ಚೀಲದಲ್ಲಿ ಹುಡುಕುವಂಥದ್ದೇನೂ ಇರಲಿಲ್ಲ.

ಯಾವ ಎಲೆಕೋಸು ಬಡಿಸಲಿ ಅಂತ ಜುಟ್ಟು ಕೇಳಿದ. ಜನ ಬರುವುದು ಕಪ್ಪು ಅಂಚಿಗೆ, ಅದನ್ನೇ ಕೊಡು ಅಂದರು ಮೇಷ್ಟ್ರು. ನನಗೆ ಮಾತ್ರ ತಿರುಗಿಸಿದ್ದು, ಮತ್ತೆ ನನ್ನ ಮೇಜಿನಲ್ಲಿ ಇವರಿಬ್ಬರಿಗೆ ಎರಡು ಕುರ್ಚಿ ಅಂತಲೂ ಹೇಳಿದರು. ನಾನು ಒಪ್ಪಲಿಲ್ಲ. ಭಾನುವಾರ ಓವನ್ನಿನ ಮುಂದೆ ನಿಲ್ಲುವುದು ನಾನೇ ಅಂತ ಹಟ ಹಿಡಿದೆ. ಹತ್ತೊಂಬತ್ತು ವರ್ಷ ನಿಂತದ್ದು ಸಾಕು, ಕೂತು ತಿನ್ನು ಅಂದರು. ಅವರ ಮುಂದೆ ನನ್ನ ಹಟ ಎಲ್ಲಿ ನಡೆಯುತ್ತದೆ.

ಭಾನುವಾರ ಮಧ್ಯಾಹ್ನ ಹಾಲ್ ತುಂಬಿತ್ತು. ಕಿಟಕಿಗಳಿಂದ ಬಿಸಿಲು ಮೇಜುಬಟ್ಟೆಗಳ ಮೇಲೆ ಬಿದ್ದಿತ್ತು. ನಾನು ಮಗಳ ಓದು ಮುಗಿದ ದಿನ ಹೊಲಿಸಿದ ಉಡುಪು ಹಾಕಿಕೊಂಡಿದ್ದೆ, ನಮ್ಮವರ ಉಗುರುಗಳಲ್ಲಿ ಎಷ್ಟು ತಿಕ್ಕಿದರೂ ಹೋಗದ ಮಸಿ ಇತ್ತು. ಮೇಷ್ಟ್ರನ್ನು ಮಾತಾಡಿ ಅಂತ ಎಬ್ಬಿಸಿದರು. ಉದ್ದದ ಭಾಷಣ ಅವರಿಗೆ ಬರುವುದಿಲ್ಲ. ಈ ಎಲೆಕೋಸು ಇವಳ ಕೈಯದು ಅಂತ ನನ್ನ ತಲೆಯ ಮೇಲೆ ಕೈಯಿಟ್ಟು ಹೇಳಿ ಕೂತುಬಿಟ್ಟರು. ಜನ ಚಪ್ಪಾಳೆ ತಟ್ಟಿದರು. ನಾನು ಎಲ್ಲಿ ನೋಡುವುದೆಂದು ತಿಳಿಯದೆ ಉಪ್ಪಿನ ಡಬ್ಬಿಯನ್ನೇ ನೋಡುತ್ತ ಕೂತೆ, ಒಳಗೊಳಗೆ ಹಿಗ್ಗಿದ್ದೆ ಅನ್ನುವುದನ್ನು ಮುಚ್ಚಿಡುವುದಿಲ್ಲ.

ತಟ್ಟೆಗಳು ಬಂದವು. ಕೇಳಿದರೆ ನಗುತ್ತೀರಿ, ಅಷ್ಟು ವರ್ಷ ಸಾವಿರಾರು ಬೇಯಿಸಿದ್ದೆ, ಚೂರುಪಾರು ಬಾಯಿಗೆ ಹಾಕಿಕೊಂಡದ್ದುಂಟು, ಆದರೆ ಮೇಜಿನ ಮುಂದೆ ಕೂತು, ಚಾಕು ಫೋರ್ಕು ಹಿಡಿದು, ಒಂದು ಪೂರ್ತಿ ಎಲೆಕೋಸನ್ನು ನಾನು ತಿಂದೇ ಇರಲಿಲ್ಲ. ಕಪ್ಪು ಅಂಚನ್ನು ಕತ್ತರಿಸಿ ಕೆನೆಯಲ್ಲಿ ಅದ್ದಿ ಬಾಯಿಗಿಟ್ಟೆ. ನಿಧಾನವಾಗಿ ಅಗಿದೆ. ಇನ್ನೊಂದು ತುಂಡು ತಿಂದೆ. ಸುತ್ತಲಿನ ಮೇಜುಗಳಲ್ಲಿ ಜನ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ನಾನು ಫೋರ್ಕನ್ನು ಮೇಷ್ಟ್ರ ತಟ್ಟೆಗೆ ಚಾಚಿ, ಅವರ ಹೊಂಬಣ್ಣದ್ದರಲ್ಲಿ ಒಂದು ತುಂಡು ಕದ್ದು ತಿಂದೆ. ಬೆಣ್ಣೆಯ ಹಾಗೆ ಕರಗಿತು, ಎಲೆಕೋಸಿನ ಸಿಹಿ ಪೂರ್ತಿ ಅದರಲ್ಲಿತ್ತು. ಇಷ್ಟು ಒಳ್ಳೆಯ ತಿನಿಸನ್ನು ಹುಟ್ಟಿದ ದಿನವೇ ನಾನು ಸುಟ್ಟುಹಾಕಿದ್ದೆ. ಮೇಷ್ಟ್ರು ತಿನ್ನುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದರು. ಅವರಿಗೆ ಮತ್ತೊಂದು ಸುಳ್ಳು ಹೇಳುವ ಧೈರ್ಯ ನನಗಿರಲಿಲ್ಲ.

“ಮೇಷ್ಟ್ರೇ, ನಿಮ್ಮದೇ ಚೆನ್ನಾಗಿದೆ,” ಅಂದೆ.

“ಗೊತ್ತು ಕಣಮ್ಮ,” ಅಂದರು ಮೇಷ್ಟ್ರು. ತಮ್ಮ ತಟ್ಟೆಯನ್ನು ನನ್ನ ಕಡೆಗೆ ಸರಿಸಿ, ಪಕ್ಕದ ಮೇಜಿನತ್ತ ಒಮ್ಮೆ ನೋಡಿ ದನಿ ತಗ್ಗಿಸಿದರು. “ಮೆಲ್ಲಗೆ ಹೇಳು. ಪಾಪ, ಎಷ್ಟು ಖುಷಿಯಾಗಿ ತಿಂತಿದಾರೆ.”